ಉತ್ತರದ ಸಾಲು, ದಕ್ಷಿಣದ ಸಾಲು

(ಬಳಗದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಪಠ್ಯ)



ಜರ್ಮನಿಯ ನೈಋತ್ಯ ಮೂಲೆಯಲ್ಲಿ, ಶ್ವಾರ್ಟ್ಸ್‌ವಾಲ್ಡ್ ಎಂಬ ಕಾಡುಬೆಟ್ಟಗಳ ಬುಡದಲ್ಲಿ ಫ್ರೈಬುರ್ಗ್ ನಗರವಿದೆ. ಉದ್ಯೋಗನಿಮಿತ್ತ ಕೆಲವು ವರ್ಷ ನಾನು ಅಲ್ಲಿ ನೆಲೆಸಿದ್ದೆ. ಆ ಊರಿನ ಸೌರಶಕ್ತಿ, ಟ್ರಾಮು, ಸೈಕಲ್ ದಾರಿಗಳ ಕುರಿತು ತಾವು ಓದಿರಬಹುದು. ನಾನು ಇಂದು ಅಲ್ಲಿನ ಸಂತೆಯ ವಿಷಯ ಹೇಳಬಯಸುತ್ತೇನೆ. ಬೆಟ್ಟದ ಬೆಳೆಗಾರನಿಗೂ ಪೇಟೆಯ ಗ್ರಾಹಕನಿಗೂ ನಡುವಣ ನಂಟು ಉಳಿಯುವುದು ಹೇಗೆಂಬ ನಮ್ಮ ಪ್ರಶ್ನೆಗೆ ಅಲ್ಲೊಂದು ಸರಳ ಉತ್ತರ ಕಂಡಿತು.

ನಗರದ ನಡುವೆ ಮ್ಯೂನ್‌ಸ್ಟರ್ ಎಂಬ ಪ್ರಾಚೀನ ಚರ್ಚು. ಅದರ ಸುತ್ತಣ ಬಯಲಿನಲ್ಲಿ ಭಾನುವಾರ ಹಾಗೂ ರಜಾದಿನಗಳ ಹೊರತು ಪ್ರತಿದಿನವೂ ಸಂತೆ ಕೂಡುತ್ತದೆ. ಚರ್ಚಿನ ಉತ್ತರ ಪಾರ್ಶ್ವ ಸುತ್ತಲ ಸೀಮೆಯ ಬೆಳೆಗಾರರದು. ದಕ್ಷಿಣ ಪಾರ್ಶ್ವ ವ್ಯಾಪಾರಿಗಳದು. ದೂರದೇಶದ ಹಣ್ಣುಗಳಿಗೆ ಬಹಿಷ್ಕಾರವಿಲ್ಲ. ಆದರೆ ಬೆಳೆದು ತಂದವರೂ ಕೊಂಡು ಮಾರುವವರೂ ಒಂದೇ ಸಾಲಿನಲ್ಲಿ ಬೆರೆತುಹೋಗುವುದಿಲ್ಲ. ಯಾರಿಂದ ಕೊಳ್ಳುತ್ತಿದ್ದೇವೆಂಬುದು ನಿಂತ ಜಾಗದಿಂದಲೇ ತಿಳಿಯುತ್ತದೆ.

ಉತ್ತರದ ಸಾಲಿನಲ್ಲಿ ಋತುಗಳು ಕಣ್ಣಿಗೆ ಕಾಣುತ್ತವೆ. ನಮ್ಮ ಶತಾವರಿಯ ಕುಲಕ್ಕೇ ಸೇರಿದ ಆಸ್ಪರಾಗಸ್ ಅಲ್ಲಿ ವಸಂತದ ತರಕಾರಿ. ಜೂನ್ 24ರ ಸಂತ ಯೋಹಾನನ ಹಬ್ಬಕ್ಕೆ ಅದರ ಕೊಯ್ಲು ನಿಲ್ಲಿಸುವುದು ಸಂಪ್ರದಾಯ. ಅನಂತರವೂ ಕೊಯ್ಯುತ್ತ ಹೋದರೆ ಬೇರು ಸೊರಗಿ ಮರುವರ್ಷದ ಬೆಳೆ ಕುಂದುತ್ತದೆ. ಗಿಡದ ವಿಶ್ರಾಂತಿಯನ್ನು ಕೊಳ್ಳುವವರೂ ಮನ್ನಿಸಿ ಮುಂದಿನ ವಸಂತದವರೆಗೆ ಕಾಯುತ್ತಾರೆ.

ಚರ್ಚಿನ ಮುಖಮಂಟಪದ ಕಲ್ಲಿನಲ್ಲಿ ಹಳೆಯ ಅಳತೆಗಳನ್ನು ಕೊರೆದಿದ್ದಾರೆ. 1270, 1317 ಮತ್ತು 1320ರ ಬ್ರೆಡ್ಡಿನ ಗಾತ್ರಗಳು ಅಲ್ಲಿವೆ. ಮೋಸದ ಸಂಶಯ ಬಂದವರು ಅಲ್ಲಿಯೇ ಹೋಲಿಸಿ ನೋಡಬಹುದಿತ್ತು. ಅಳತೆ ಎಲ್ಲರ ಕಣ್ಣೆದುರಿಗೆ ಇದ್ದಾಗಲೇ ಸಂತೆಗೆ ನಂಬಿಕೆ.

ಆ ಊರಿನ ಬಹುಜನರು ಸೂಪರ್‌ಮಾರ್ಕೆಟ್ಟಿಗೂ ಹೋಗುತ್ತಾರೆ. ಸಂತೆಯ ದರ ಹಲವೊಮ್ಮೆ ಅಲ್ಲಿಗಿಂತ ಹೆಚ್ಚು. ಆದುದರಿಂದ ಅದನ್ನು ಸ್ವರ್ಗವೆಂದು ಬಣ್ಣಿಸಲಾರೆ. ಗಮನಿಸಬೇಕಾದುದು ಇಷ್ಟೆ: ಬೆಳೆಗಾರರ ಸ್ಥಳ ಯಾರ ಔದಾರ್ಯದಿಂದಲೂ ಉಳಿದದ್ದಲ್ಲ, ವ್ಯವಸ್ಥೆಯಿಂದ ಉಳಿದದ್ದು.

ಈಗ ನಮ್ಮ ವಾರದ ಸಂತೆಯನ್ನು ನೋಡೋಣ. ಬಯಲುಸೀಮೆಯಿಂದ ಲಾರಿಯಲ್ಲಿ ಬಂದ ಮಾಲು ನಡುಜಾಗ ಹಿಡಿದಿದೆ. ಮುರುಗಲು, ಅಪ್ಪೆಮಿಡಿ, ಕೆಸುವಿನ ಗೆಡ್ಡೆ, ಕಟ್ಟು ಸೊಪ್ಪು ತಂದ ಅಜ್ಜಿ ಚರಂಡಿಯ ಅಂಚಿನಲ್ಲಿ ಕೂತಿದ್ದಾಳೆ. ಸುಂಕ ವಸೂಲಿಯ ಹಕ್ಕನ್ನು ಹರಾಜಿನಲ್ಲಿ ಹಿಡಿದವನು ಅವಳ ಬುಟ್ಟಿಯನ್ನೂ ಬಿಡುವುದಿಲ್ಲ. ಆಕೆ ಬರುವುದನ್ನು ನಿಲ್ಲಿಸಿದ ದಿನ ನಾವು ಕಳೆದುಕೊಳ್ಳುವುದು ಒಬ್ಬ ಮಾರುವವಳನ್ನಷ್ಟೇ ಅಲ್ಲ. ಅವಳ ಹಿತ್ತಿಲ ತಳಿಗಳನ್ನು, ಕಾಡಿನಿಂದ ಯಾವಾಗ ಎಷ್ಟು ತೆಗೆಯಬೇಕೆಂಬ ಅವಳ ತಿಳಿವನ್ನು. ಕೊಳ್ಳುವವರಿಲ್ಲದ ತಳಿಯನ್ನು ಯಾವ ಘೋಷಣೆಯೂ ಕಾಯಲಾರದು.

ಆದುದರಿಂದ ಪಂಚಾಯಿತಿಯ ಮುಂದೆ ಮೂರು ಬೇಡಿಕೆಗಳನ್ನಿಡೋಣ. ಸಂತೆಮಾಳದಲ್ಲಿ ನೆರಳಿರುವ ಒಂದು ಸಾಲು ಸ್ವಂತ ಬೆಳೆ ತರುವವರಿಗೆ ಮೀಸಲಾಗಲಿ. ತಲೆಹೊರೆಯಲ್ಲಿ ತಂದ ಬುಟ್ಟಿಗೆ ಸುಂಕ ಬೇಡ. ಯಾರು ಬೇಕಾದರೂ ತೂಗಿ ನೋಡಬಹುದಾದ ಒಂದು ತಕ್ಕಡಿ ಸಂತೆಯ ನಡುವೆ ಇರಲಿ. ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ; ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳುವ ಜನ ಬೇಕು. ಮುಂದಿನ ಹರಾಜಿಗೆ ಮೊದಲೇ ಆ ಕೆಲಸ ಆಗಲಿ ಎಂದು ಕೋರಿ ನನ್ನ ಮಾತು ಮುಗಿಸುತ್ತೇನೆ.