ಕೊಟ್ಟಿಗೆಯ ಸಿಂಕಿಗೆ ಬಿಸಿನೀರು
(ಬಳಗದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನ ಮನೆಗಳಲ್ಲಿ ಈಗೀಗ ಕೊಟ್ಟಿಗೆಯ ಮೂಲೆಯಲ್ಲೊಂದು ಸಿಂಕನ್ನು ಕೂರಿಸುವುದು ರೂಢಿಯಾಗುತ್ತಿದೆ. ಹಾಲಿನ ಕ್ಯಾನು, ಪಾತ್ರೆ, ಕರೆಯುವ ಯಂತ್ರದ ಕೊಳವೆಗಳನ್ನು ಮನೆಯ ಬಚ್ಚಲಿಗೆ ಹೊತ್ತೊಯ್ಯದೆ ಅಲ್ಲಿಯೇ ತೊಳೆಯಬಹುದು. ಸಿಂಕು ಬಂದ ಮೇಲೆ ಬಿಸಿನೀರೂ ಬೇಕೆನಿಸುತ್ತದೆ. ಪೇಟೆಗೆ ಹೋಗಿ ಅಂಗಡಿಯವರು ತೋರಿಸಿದ ಗೀಸರನ್ನು ತರುವುದು ಸುಲಭವೇನೋ ನಿಜ. ಆದರೆ ಆ ಗೀಸರು ನಗರದ ಸ್ನಾನಗೃಹಕ್ಕೆಂದು ರೂಪಿತವಾದುದು. ನಮ್ಮ ಕೊಟ್ಟಿಗೆಯ ವಿದ್ಯುತ್ತು, ನೀರು, ನೆಲ ಮೂರರ ಸ್ವಭಾವವೂ ಬೇರೆ.

ಮೊದಲು ಕೆಲಸವನ್ನು ಅಳೆಯೋಣ. ಹಾಲಿನ ಪಾತ್ರೆಯನ್ನು ನೇರವಾಗಿ ಕುದಿನೀರಿಗೆ ಹಾಕಿದರೆ ಹಾಲಿನ ಪ್ರೋಟೀನು ಗಟ್ಟಿಯಾಗಿ ಪಾತ್ರೆಗೆ ಅಂಟುತ್ತದೆ. ಬರೀ ತಣ್ಣೀರಿನಲ್ಲಿ ಜಿಡ್ಡು ಬಿಡುವುದಿಲ್ಲ. ಆದ್ದರಿಂದ ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಗಲಬರಿಸಿ, ಅನಂತರ ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿಗೆ ವಾಷಿಂಗ್ ಸೋಡಾ ಬೆರೆಸಿ ಉಜ್ಜುವುದು ಸರಿಯಾದ ಕ್ರಮ. ಕ್ಯಾನಿನ ಸಂದಿಯಲ್ಲಿ ಉಳಿದ ಜಿಡ್ಡೇ ಮರುದಿನದ ಹಾಲನ್ನು ಡೇರಿ ಮುಟ್ಟುವ ಮೊದಲೇ ಹುಳಿಯಾಗಿಸುವುದುಂಟು. ಎರಡು ಮೂರು ಹಸುಗಳಿರುವ ಮನೆಗೆ ಹೊತ್ತಿಗೆ 10 ಲೀಟರ್ ಬಿಸಿನೀರು ಧಾರಾಳವಾಯಿತು.

ಚಳಿಗಾಲದಲ್ಲಿ 20 ಡಿಗ್ರಿ ಇರುವ 10 ಲೀಟರ್ ನೀರನ್ನು 60ಕ್ಕೆ ಏರಿಸಲು ಬೇಕಾದ ಶಾಖ 400 ಕಿಲೋ ಕ್ಯಾಲರಿ; ವಿದ್ಯುತ್ತಿನ ಲೆಕ್ಕದಲ್ಲಿ ಅರ್ಧ ಯೂನಿಟ್ಟಿಗೂ ಸ್ವಲ್ಪ ಕಡಿಮೆ. ಇದನ್ನೇ ತೆರೆದ ಒಲೆಯಲ್ಲಿ ಕಾಯಿಸಿದರೆ, ಶಾಖದ ಹತ್ತರಲ್ಲೊಂದು ಪಾಲು ಮಾತ್ರ ನೀರಿಗೆ ಸೇರುತ್ತದೆಂದು ಹಿಡಿದರೆ, ಸುಮಾರು ಒಂದು ಕಿಲೋ ಒಣ ಸೌದೆ ಬೇಕು. ದಿನಕ್ಕೆರಡು ಹೊತ್ತಿನಂತೆ ವರ್ಷಕ್ಕೆ ಏಳು ಕ್ವಿಂಟಾಲಿಗೂ ಮಿಗಿಲು! ಸೊಪ್ಪಿನಬೆಟ್ಟದ ಮೇಲಿನ ಈ ಭಾರ ಬರೀ ಪಾತ್ರೆ ತೊಳೆಯುವುದಕ್ಕೆ. ಬೆಳಗ್ಗೆ ಸ್ನಾನಕ್ಕೆಂದು ಅಡಿಕೆ ಸಿಪ್ಪೆ, ತೆಂಗಿನ ಮಡಲು ಉರಿಸಿ ಹಂಡೆ ಕಾಯಿಸುವ ಮನೆಯವರು ಅದರಿಂದಲೇ ಒಂದು ಕೊಡ ತಂದರೆ ಯಾವ ಯಂತ್ರವೂ ಬೇಡ. ಕೊಟ್ಟಿಗೆಗೆಂದು ಮತ್ತೊಂದು ಸೌದೆ ಒಲೆ ಹೂಡುವುದನ್ನು ಮಾತ್ರ ನಾನು ಒಪ್ಪಲಾರೆ.

ಗೋಬರ್ ಗ್ಯಾಸ್ ಇರುವವರ ಉತ್ತರ ಅವರ ಅಂಗಳದಲ್ಲಿಯೇ ಇದೆ. ಮೇಲಿನ ಕೆಲಸಕ್ಕೆ ಒಂದು ಘನಮೀಟರಿನ ಆರರಲ್ಲೊಂದು ಪಾಲು ಅನಿಲ ಸಾಕು. 2 ಘನಮೀಟರಿನ ಸ್ಥಾವರಕ್ಕೆ ಇದು ಹೊರೆಯಲ್ಲ. ಶಿರಸಿ ತಾಲೂಕಿನಲ್ಲಿ ಈ ಸ್ಥಾವರಗಳು ಹೇಗೆ ನೆಲೆಯೂರಿದವೆಂಬುದರ ಅಧ್ಯಯನವೊಂದು 2001ರಲ್ಲಿಯೇ ಪ್ರಕಟವಾಗಿದೆ. ಆದರೆ ಆ ಗಾತ್ರದ ಸ್ಥಾವರ ದಿನಕ್ಕೆ ಸುಮಾರು 50 ಕಿಲೋ ಸಗಣಿಯನ್ನು ಬೇಡುತ್ತದೆ. ಮಲೆನಾಡು ಗಿಡ್ಡ ತಳಿಯ ಎರಡು ಹಸುಗಳಿಂದ ಅಷ್ಟು ದೊರೆಯದು.

ಇನ್ನು ವಿದ್ಯುತ್ತು. ಶರಾವತಿಯ ಮುಳುಗಡೆಯನ್ನು ಬಲ್ಲ ನಾವು ಅದನ್ನು ಪುಕ್ಕಟೆ ಎಂದು ಎಣಿಸುವಂತಿಲ್ಲ. ಆದರೂ ಮೇಲಿನೆರಡೂ ಸಾಧ್ಯವಿಲ್ಲದವರಿಗೆ ಇದೇ ದಾರಿ. ಇಲ್ಲಿ ಹೆಚ್ಚಿನವರು ಎಡವುವುದು ಹರಿವ ನೀರನ್ನು ಆ ಕ್ಷಣವೇ ಕಾಯಿಸುವ 'ಇನ್‌ಸ್ಟಂಟ್' ಗೀಸರನ್ನು ಕೊಳ್ಳುವಾಗ. ಅದು 3 ಕಿಲೋವಾಟಿನದಾದರೆ 60 ಡಿಗ್ರಿಯ ನೀರನ್ನು ನಿಮಿಷಕ್ಕೆ ಒಂದು ಲೀಟರಿನಷ್ಟು ಮಾತ್ರ ಕೊಡಬಲ್ಲದು. ಸಾಲದುದಕ್ಕೆ, ಕಾಯಿಲಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಕುಗ್ಗುತ್ತದೆ. ಸಂಜೆ 230ರ ಬದಲು 180 ವೋಲ್ಟ್ ಬಂದರೆ 3 ಕಿಲೋವಾಟು 1.8ಕ್ಕೆ ಇಳಿಯುತ್ತದೆ, ನಲ್ಲಿಯಲ್ಲಿ ನೂಲಿನೆಳೆಯಂಥ ಧಾರೆ, ಇಲ್ಲವೇ ಬರೀ ಬೆಚ್ಚನೆಯ ನೀರು. ಬದಲಿಗೆ 10 ಲೀಟರ್ ತುಂಬಿಡುವ 2 ಕಿಲೋವಾಟಿನ ಗೀಸರು ಪೂರ್ಣ ವೋಲ್ಟೇಜಿನಲ್ಲಿ 14 ನಿಮಿಷಕ್ಕೆ, 180ರಲ್ಲಿ 23 ನಿಮಿಷಕ್ಕೆ ಅದೇ ಬಿಸಿಯನ್ನು ಕೊಡುತ್ತದೆ. ಕರೆಯಲು ಕೂರುವಾಗ ಸ್ವಿಚ್ ಹಾಕಿದರೆ ಏಳುವ ಹೊತ್ತಿಗೆ ನೀರು ಸಿದ್ಧ. ಕೆಲಸ ಮುಗಿದೊಡನೆ ಆರಿಸಬೇಕು.

ಗೀಸರು ಸಿಂಕಿನ ಮಗ್ಗುಲಲ್ಲೇ ಇರಲಿ. ಮನೆಯ ಗೀಸರಿನಿಂದ ಅರ್ಧ ಇಂಚಿನ ಪೈಪಿನಲ್ಲಿ 20 ಮೀಟರ್ ದೂರಕ್ಕೆ ನೀರೊಯ್ದರೆ, ಬಿಸಿ ಬರುವ ಮುನ್ನ ಮೂರೂವರೆ ಲೀಟರ್ ತಣ್ಣೀರು ಹರಿದುಹೋಗುತ್ತದೆ. ಕಡೆಗೆ ಅಷ್ಟೇ ಬಿಸಿನೀರು ಪೈಪಿನಲ್ಲಿ ಆರುತ್ತದೆ.

ಎಲ್ಲಕ್ಕಿಂತ ಮಿಗಿಲಾದುದು ಸುರಕ್ಷತೆ. ಗಂಜಲ, ನೀರುಗಳಿಂದ ಸದಾ ಒದ್ದೆಯಾದ ನೆಲದಲ್ಲಿ ಬರಿಗಾಲಿನಲ್ಲಿ ನಿಲ್ಲುವವರು ನಾವು. ಮುಂಗಾಲು ಹಿಂಗಾಲುಗಳ ನಡುವೆ ಅಂತರವುಳ್ಳ ದನಗಳಂತೂ ನೆಲಕ್ಕೆ ಸೋರಿದ ವಿದ್ಯುತ್ತಿಗೆ ನಮಗಿಂತ ಬೇಗ ಬಲಿಯಾಗುತ್ತವೆ. ಬಕೆಟ್ಟಿಗೆ ಇಳಿಬಿಡುವ ಹೀಟರ್ ಕಾಯಿಲ್ ಕೊಟ್ಟಿಗೆಗೆ ಸರ್ವಥಾ ಸಲ್ಲದು. ಗೀಸರಿಗೆ ಪ್ರತ್ಯೇಕ ಲೈನು, ಸರಿಯಾದ ಅರ್ಥಿಂಗ್, 30 ಮಿಲಿ ಆಂಪಿಯರ್ ಸೋರಿಕೆಗೇ ಕಡಿದುಬೀಳುವ ಆರ್‌ಸಿಸಿಬಿ ಇವು ಕಡ್ಡಾಯ. ಇವಕ್ಕೆ ಹಣವಿಲ್ಲವೆನ್ನುವವರು ಗೀಸರನ್ನೇ ಕೊಳ್ಳದಿರುವುದು ಲೇಸು. ಅಡುಗೆ ಅನಿಲದ ಗೀಸರನ್ನು ಮುಚ್ಚಿದ ಕೋಣೆಯಲ್ಲಿ ಉರಿಸಿದರೆ ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಕೂಡಿಕೊಂಡು ಪ್ರಾಣವನ್ನೇ ತೆಗೆಯುತ್ತದೆ. ಅದರ ಜಾಗ ಹೊರಗೋಡೆಯ ಸೂರಿನಡಿ, ಗಾಳಿಯಾಡುವಲ್ಲಿ.

ಸೋಲಾರಿನ ಬಗ್ಗೆ ವಿದ್ಯಾರ್ಥಿಗಳು ಕೇಳಿದ್ದೀರಿ. ಬಯಲುಸೀಮೆಗೆ ಅದು ಉತ್ತಮ. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಮೋಡ. ಉಳಿದ ಕಾಲದಲ್ಲಿ ತೋಟದ ನೆರಳು. ಹೊತ್ತಿಗೆ ಹತ್ತು ಲೀಟರಿಗಾಗಿ ಬಿಸಿಲು ಬರಲೆಂದು ಮರ ಕಡಿಯುವುದು ತರವಲ್ಲ.

ಕೊನೆಯದಾಗಿ ನಮ್ಮ ನೀರಿನ ಮಾತು. ಗುಡ್ಡದ ಒರತೆಯಿಂದ ಪೈಪಿನಲ್ಲಿ ಇಳಿಯುವ ನೀರಿಗೆ ಪ್ರತಿ 10 ಮೀಟರ್ ಎತ್ತರಕ್ಕೆ ಸುಮಾರು ಒಂದು ಬಾರ್ ಒತ್ತಡ ಕೂಡುತ್ತದೆ. 80 ಮೀಟರ್ ಮೇಲಿನಿಂದ ನೇರವಾಗಿ ಜೋಡಿಸಿದರೆ 8 ಬಾರ್. ಗೀಸರಿನ ಪಟ್ಟಿಯ ಮೇಲೆ ಅದು ತಾಳುವ ಒತ್ತಡವನ್ನು ಬರೆದಿರುತ್ತಾರೆ, ಓದಿ ನೋಡಿ. ನಡುವೆ ಒಂದು ಸಣ್ಣ ತೊಟ್ಟಿಗೆ ನೀರು ಬೀಳಿಸಿ, ಅಲ್ಲಿಂದ ಗೀಸರಿಗೆ ಕೊಟ್ಟರೆ ಈ ತೊಡಕಿಲ್ಲ. ಜಂಬಿಟ್ಟಿಗೆ ನೆಲದ ಬಾವಿನೀರು ಹಲವೆಡೆ ಮೃದುವಾಗಿದ್ದು ತುಸು ಆಮ್ಲೀಯವಾಗಿರುತ್ತದೆ. ಪಾತ್ರೆಗೆ ಬಿಳಿಪೊರೆ ಕಟ್ಟದು, ಆದರೆ ಲೋಹವನ್ನು ತಿನ್ನುತ್ತದೆ. ಗೀಸರಿನ ಒಳಗಿರುವ ಮೆಗ್ನೀಸಿಯಮ್ ಕಡ್ಡಿ ತಾನು ಸವೆದು ಟ್ಯಾಂಕನ್ನು ಕಾಯುತ್ತದೆ. ವರ್ಷಕ್ಕೊಮ್ಮೆ ಅದನ್ನು ಬಿಚ್ಚಿ ನೋಡಿಸಿ, ಸವೆದಿದ್ದರೆ ಬದಲಿಸಿ. ಆ ಕಡ್ಡಿ ಹತ್ತಿರದ ಪೇಟೆಯಲ್ಲಿ ಬಿಡಿಯಾಗಿ ಸಿಗುವುದೇ ಎಂದು ಗೀಸರು ಕೊಳ್ಳುವ ದಿನವೇ ವಿಚಾರಿಸಿರಿ.