ತೋಪೂ ಕಾಡೇ, ಕಾಗದದ ಮೇಲೆ!

ವೀಕ್ಷಕರೇ, ಸುರಿನಾಮ್ ದೇಶದಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಭಾಗ ಕಾಡು. ಫಿನ್ಲೆಂಡಿನಲ್ಲಿ 70ಕ್ಕೂ ಹೆಚ್ಚು. ಈಜಿಪ್ಟಿನಲ್ಲಿ ಒಂದು ಭಾಗವೂ ಇಲ್ಲ. ಭಾರತದ್ದು, 2023ರ ಸರ್ಕಾರಿ ವರದಿ ಪ್ರಕಾರ, 21.76.

ಯಾಕಿಷ್ಟು ವ್ಯತ್ಯಾಸ? ಮಳೆ, ಮಣ್ಣು, ಜನಸಂಖ್ಯೆ, ಬೇಸಾಯ. ಸುರಿನಾಮ್‌ನಲ್ಲಿ ಮಳೆ ಧಾರಾಳ, ಜನ ಆರು ಲಕ್ಷದ ಆಸುಪಾಸು. ಈಜಿಪ್ಟ್ ಬಹುಪಾಲು ಮರಳುಗಾಡು. ಇದೆಲ್ಲ ಸರಿ. ಆದ್ರೆ ಇನ್ನೊಂದು ಕಾರಣ ಇದೆ: ಯಾರು ಯಾವುದನ್ನ ಕಾಡು ಅಂತ ಎಣಿಸ್ತಾರೆ ಅನ್ನೋದು.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಣ್ಣಿನ ತೋಟವನ್ನ ಕಾಡು ಅನ್ನಲ್ಲ. ನಮ್ಮ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಹಾಗಲ್ಲ. ಒಂದು ಹೆಕ್ಟೇರ್‌ಗಿಂತ ದೊಡ್ಡ ಜಾಗದಲ್ಲಿ ನೂರಕ್ಕೆ ಹತ್ತು ಭಾಗ ಮರದ ಹೊದಿಕೆ ಉಪಗ್ರಹಕ್ಕೆ ಕಂಡ್ರೆ ಸಾಕು, ಅದು ಅರಣ್ಯದ ಲೆಕ್ಕಕ್ಕೆ!

ನಮ್ಮ ಚಿಕ್ಕಬಳ್ಳಾಪುರಕ್ಕೇ ಬನ್ನಿ. ಚಿಂತಾಮಣಿಯ ದಟ್ಟ ಮಾವಿನ ತೋಪು ಅರಣ್ಯ. ರಾಜ್ಯ ಸರ್ಕಾರವೇ 2017ರಲ್ಲಿ ಇನ್ನು ನೆಡಬೇಡಿ ಅಂದ ನೀಲಗಿರಿಯೂ ಅರಣ್ಯ. ಆದರೆ ಸ್ಕಂದಗಿರಿಯ ಬುಡದ ಕಳವಾರದಲ್ಲಿ, ಮಳೆನೀರು ಹಿಡಿದಿಡುವ ಬೆಟ್ಟದ ಕುರುಚಲು, ಮರ ತೆಳುವಾಗಿದ್ದರೆ ಲೆಕ್ಕಕ್ಕೇ ಇಲ್ಲ.

ಮಾವು ರೈತನ ಅನ್ನ, ನನ್ನ ತಕರಾರಿಲ್ಲ. ನಾನು ಕೇಳೋದಿಷ್ಟೇ: ತೋಟವನ್ನ ತೋಟ ಅಂತ, ಕಾಡನ್ನ ಕಾಡು ಅಂತ ಬೇರೆ ಬೇರೆ ಬರೆಯಿರಿ. ಇಲ್ಲದಿದ್ರೆ ನಾಳೆ ಕಾಡು ಕಡಿದು ತೋಪು ಬೆಳೆಸಿದರೂ ಆ 21.76 ಕದಲೋದೇ ಇಲ್ಲ.