ಮಾನದ ಹೆಸರಿನ ಮೌನ ಯಾರನ್ನು ರಕ್ಷಿಸುತ್ತದೆ?



ಮಕ್ಕಳನ್ನು ಪುಸಲಾಯಿಸಿ ಲೈಂಗಿಕ ಶೋಷಣೆಗೆ ತಳ್ಳುವವರ ಕುರಿತು ನಮ್ಮ ಮನೆಗಳಲ್ಲಿ ಮಾತನಾಡುವುದಿಲ್ಲ. ಆ ಮೌನವೇ ಶೋಷಕರ ಬಂಡವಾಳ. ಬ್ರಿಟನ್ನಿನ ಅನುಭವ ಇದಕ್ಕೆ ಸಾಕ್ಷಿ.

ಅಲ್ಲಿನ ರೋದರ್‌ಹ್ಯಾಮ್ ಪಟ್ಟಣದಲ್ಲಿ 1997ರಿಂದ 2013ರ ನಡುವೆ ಅಂದಾಜು 1,400 ಮಕ್ಕಳು ಶೋಷಣೆಗೆ ತುತ್ತಾದರೆಂದು ಅಲೆಕ್ಸಿಸ್ ಜೇ ಅವರ 2014ರ ವರದಿ ಹೇಳಿತು. ಗುರುತಿಸಲ್ಪಟ್ಟ ಆರೋಪಿಗಳಲ್ಲಿ ಹೆಚ್ಚಿನವರು ಪಾಕಿಸ್ತಾನಿ ಮೂಲದವರಾಗಿದ್ದರು. ಈ ಸತ್ಯವನ್ನು ನಾವು ಮುಚ್ಚಿಡಬಾರದು. ರೋಚ್‌ಡೇಲ್‌ನಲ್ಲಿ 2008ರಲ್ಲೇ ಬಾಲಕಿಯೊಬ್ಬಳು ದೂರು ನೀಡಿದ್ದಳು. ಆಕೆಯ ಮಾತನ್ನು ನ್ಯಾಯಾಲಯ ನಂಬದೆಂದು ಭಾವಿಸಿ ಪ್ರಕರಣವನ್ನು ಕೈಬಿಡಲಾಯಿತು. 2011ರಲ್ಲಿ ಆ ತೀರ್ಮಾನವನ್ನು ಬದಲಿಸಿದ ಮುಖ್ಯ ಪ್ರಾಸಿಕ್ಯೂಟರ್ ನಝೀರ್ ಅಫ್ಝಲ್ ಕೂಡ ಪಾಕಿಸ್ತಾನಿ ಮೂಲದ ಮುಸ್ಲಿಮರೇ. 2012ರಲ್ಲಿ ಒಂಬತ್ತು ಮಂದಿ ಅಪರಾಧಿಗಳೆಂದು ಸಾಬೀತಾಯಿತು. 2013ರ ಜೂನ್‌ನ ಒಂದು ಶುಕ್ರವಾರ ಅಲ್ಲಿನ ನೂರಾರು ಮಸೀದಿಗಳ ಖುತ್ಬಾಗಳಲ್ಲಿ ಈ ಪಾತಕವನ್ನು ಖಂಡಿಸಲಾಯಿತು. ಸಮುದಾಯದ ಮಾನ ಉಳಿಯುವುದು ಹೀಗೆಯೇ ಹೊರತು ಅಪರಾಧಿಯನ್ನು ಮರೆಮಾಚುವುದರಿಂದಲ್ಲ.

ಹಾಗೆಂದು ಇದನ್ನು ಒಂದೇ ಸಮುದಾಯದ ರೋಗವೆಂದು ಸಾರುವವರೂ ಮಕ್ಕಳಿಗೆ ದ್ರೋಹ ಬಗೆಯುತ್ತಾರೆ. 1940ರ ದಶಕದಿಂದ 2018ರವರೆಗೆ ಇಂಗ್ಲೆಂಡಿನ ಚರ್ಚಿನ ಪಾದ್ರಿಗಳು ಹಾಗೂ ಅದರ ಹೊಣೆಯ ಸ್ಥಾನಗಳಲ್ಲಿದ್ದವರ ಪೈಕಿ 390 ಮಂದಿ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗಾಗಿ ಶಿಕ್ಷೆಗೊಳಗಾದರು. ಕಿರುತೆರೆಯ ಜನಪ್ರಿಯ ನಿರೂಪಕ ಜಿಮ್ಮಿ ಸೆವಿಲ್‌ನ ದುಷ್ಕೃತ್ಯಗಳು ಆತ ಸತ್ತ ಮರುವರ್ಷ, 2012ರಲ್ಲಿ ಬೆಳಕಿಗೆ ಬಂದವು. ಬಲಿಪಶುಗಳೂ ಒಂದೇ ಸಮುದಾಯದವರಲ್ಲ. ಮುಸ್ಲಿಮ್ ಬಾಲಕಿಯರೂ ಶೋಷಣೆಗೆ ಗುರಿಯಾಗಿದ್ದು, ಕುಟುಂಬದ ಮರ್ಯಾದೆಯ ಭಯದಿಂದ ಬಾಯಿ ಬಿಡಲಾರದೆ ಹೋದುದನ್ನು ಅಲ್ಲಿನ ಮುಸ್ಲಿಮ್ ಮಹಿಳೆಯರ ಸಂಘಟನೆಯೇ 2013ರಲ್ಲಿ ದಾಖಲಿಸಿತು.

ಶೋಷಕರ ತಂತ್ರ ಎಲ್ಲೆಡೆಯೂ ಒಂದೇ. ಮನೆಯಲ್ಲಿ ಪ್ರೀತಿ ಸಿಗದ, ಒಂಟಿಯಾದ ಮಗುವನ್ನು ಅವರು ಗುರುತಿಸುತ್ತಾರೆ. ಹೊಗಳಿಕೆ, ಮೊಬೈಲ್, ಉಡುಗೊರೆ, ವಾಹನದಲ್ಲಿ ಸುತ್ತಾಟ. ಬಳಿಕ ಗುಟ್ಟು, ಆಮೇಲೆ ಚಿತ್ರ ತೋರಿಸಿ ಬೆದರಿಕೆ. "ಮನೆಯಲ್ಲಿ ತಿಳಿದರೆ ನಿನ್ನನ್ನೇ ಕೊಲ್ಲುತ್ತಾರೆ" ಎಂಬ ಮಾತು ಅವರ ಕೊನೆಯ ಅಸ್ತ್ರ. ನಮ್ಮ ಸಿಟ್ಟಿಗೆ ಮಗು ಹೆದರುವವರೆಗೆ ಆ ಅಸ್ತ್ರ ಹರಿತವಾಗಿಯೇ ಇರುತ್ತದೆ. ಗಂಡುಮಕ್ಕಳೂ ಈ ಅಪಾಯದಿಂದ ಹೊರತಲ್ಲ.

ನಮ್ಮ ದೇಶದಲ್ಲಿ 2012ರ ಪೋಕ್ಸೊ ಕಾಯ್ದೆಯು 18 ವರ್ಷದೊಳಗಿನ ಎಲ್ಲ ಮಕ್ಕಳಿಗೂ ರಕ್ಷಣೆ ನೀಡುತ್ತದೆ. ಅಪರಾಧ ತಿಳಿದೂ ಪೊಲೀಸರಿಗೆ ತಿಳಿಸದಿರುವುದು ಶಿಕ್ಷಾರ್ಹ. ಮಗುವಿನ ಹೆಸರನ್ನು ಮಾಧ್ಯಮಗಳು ಬಹಿರಂಗಪಡಿಸುವಂತಿಲ್ಲ. ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು; ಆಗ ಪೊಲೀಸ್ ಅಧಿಕಾರಿ ಸಮವಸ್ತ್ರದಲ್ಲಿರುವಂತಿಲ್ಲ. 1098 ಮಕ್ಕಳ ಸಹಾಯವಾಣಿ. ಹೀಗಿರುವಾಗ ಹಿರಿಯರು ಪಂಚಾಯಿತಿ ನಡೆಸಿ ರಾಜಿ ಮಾಡಿಸುವುದು ನ್ಯಾಯವಲ್ಲ, ಅಪರಾಧಿಗೆ ನೀಡುವ ಅಭಯ.

ಮದ್ರಸವಿರಲಿ, ಶಾಲೆಯಿರಲಿ, ಟ್ಯೂಷನ್ ಇರಲಿ, ಮಗು ಏನನ್ನಾದರೂ ಹೇಳಲು ಬಂದರೆ ಮೊದಲು ಆಲಿಸೋಣ. "ತಪ್ಪು ನಿನ್ನದಲ್ಲ" ಎನ್ನೋಣ. ಆರೋಪಿ ಯಾರ ಮಗ, ಯಾವ ಜಮಾಅತಿನವನು ಎಂಬ ಪ್ರಶ್ನೆ ಆ ಬಳಿಕವೂ ಬೇಡ.